ಏನೂ ಸೇರಿಸದ ತೊಂಬತ್ತಾರು

ಊರಿಗೆ ನೀರು ಬಿಡುವ ಕಚೇರಿಯ ಮೂರನೆಯ ಮಹಡಿಯಲ್ಲಿ ಅವರಿಗೊಂದು ಕೋಣೆಯಿತ್ತು. ಕಚೇರಿಯವರೆಲ್ಲ ಅವರನ್ನು ಉಗ್ರಾಣಿ ಎನ್ನುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು, ಅದನ್ನು ಹಿಡಿದು ಕರೆದರೆ ಅವರೇ ತಿರುಗಿ ನೋಡುತ್ತಿರಲಿಲ್ಲ. ಉಗ್ರಾಣ ಎಂದಮೇಲೆ ಮೂಟೆ, ಡಬ್ಬ, ಇಲಿಬೋನು ಇರಬೇಕಲ್ಲ. ಇಲ್ಲಿದ್ದದ್ದು ಆಳೆತ್ತರದ ಒಂದು ಕಬ್ಬಿಣದ ಪೆಟ್ಟಿಗೆ, ಅದರ ತುಂಬ ಡಿಸ್ಕುಗಳು, ಮಿಣುಕುವ ಹಸಿರು ದೀಪಗಳು ಮತ್ತು ವರ್ಷವಿಡೀ ಒಂದೇ ಸಮನಾದ ಚಳಿ. ಉಗ್ರಾಣಿ ಸುಡುಬಿಸಿಲಿನ ದಿನವೂ ಸ್ವೆಟರ್ ತೊಟ್ಟು ಕೂರುತ್ತಿದ್ದರು. ಕಚೇರಿ ಬರೆದಿಟ್ಟ ಬಿಲ್ಲು, ಬಂದ ದೂರು, ಬಿಡಿಸಿದ ನಕ್ಷೆ, ಎಲ್ಲವೂ ಆ ಪೆಟ್ಟಿಗೆಯೊಳಗೇ ಇರಬೇಕು. ಅಲ್ಲಿ ಜಾಗ ಮುಗಿಯದಂತೆ ನೋಡಿಕೊಳ್ಳುವುದೇ ಅವರ ಕೆಲಸ.

ಆ ಕಚೇರಿಯಲ್ಲಿ ನೂರಹನ್ನೆರಡು ಕಂಪ್ಯೂಟರುಗಳು ಹಗಲಿರುಳು ದುಡಿಯುತ್ತಿವೆ ಎಂದು ಲೆಕ್ಕ. ಹುಡುಕಿಕೊಂಡು ಹೋದರೆ ಒಂದೂ ಕಣ್ಣಿಗೆ ಬೀಳುವುದಿಲ್ಲ. ನಿಜವಾಗಿ ಇರುವುದು ನಾಲ್ಕು ದೊಡ್ಡ ಯಂತ್ರಗಳು. ಅವುಗಳ ಹೊಟ್ಟೆಯಲ್ಲಿ ಈ ನೂರಹನ್ನೆರಡೂ ಸೇರಿಕೊಂಡು, ಪ್ರತಿಯೊಂದೂ ತಾನೇ ಒಂದು ಪೂರಾ ಕಂಪ್ಯೂಟರು, ತನಗೊಂದು ಸ್ವಂತ ಡಿಸ್ಕು ಇದೆ ಎಂದು ನಂಬಿಕೊಂಡು ಬದುಕುತ್ತವೆ. ವರ್ಚುವಲ್ ಮೆಷಿನ್ ಎನ್ನುವುದು ಇದನ್ನೇ. ಉಗ್ರಾಣಿ ಇವನ್ನು ‘ಇಲ್ಲದ ಮೆಷಿನ್ನು’ ಎನ್ನುತ್ತಿದ್ದರು. ಮೆಷಿನ್ನು ಇಲ್ಲದಿದ್ದರೇನು, ಅದರ ಹಸಿವು ಮಾತ್ರ ಇದ್ದೇ ಇತ್ತು.

ಅಕ್ಕಿಗೆ ಸೇರು ಇದ್ದ ಹಾಗೆ ಈ ಹಸಿವಿಗೆ ಟೆರಾಬೈಟು ಎಂಬ ಅಳತೆ. ಪೆಟ್ಟಿಗೆ ಹಿಡಿಯುವುದು ಐವತ್ತು ಟೆರಾಬೈಟು. ಉಗ್ರಾಣಿ ಅವರಿವರಿಗೆ ‘ನಿಮಗಿಷ್ಟು ಜಾಗ’ ಎಂದು ಮಾತು ಕೊಟ್ಟದ್ದನ್ನೆಲ್ಲ ಕೂಡಿದರೆ ನೂರಮೂವತ್ತು. ಐವತ್ತು ಸೀಟಿನ ಬಸ್ಸಿಗೆ ನೂರಮೂವತ್ತು ಜನರಿಗೆ ಟಿಕೆಟ್ಟು ಕೊಟ್ಟ ಹಾಗೆ. ಎಲ್ಲರೂ ಒಂದೇ ದಿನ ಹತ್ತಲು ಬರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇದು ಮೋಸವಲ್ಲ, ಆ ವಿದ್ಯೆಯ ಪದ್ಧತಿಯೇ ಹಾಗೆ. ಆದರೂ ಉಗ್ರಾಣಿ ದಿನಾ ಬೆಳಿಗ್ಗೆ ಪೆಟ್ಟಿಗೆಯ ಮುಂದೆ ನಿಂತಾಗ, ಎಲ್ಲರೂ ಇವತ್ತೇ ಬಂದುಬಿಟ್ಟರೆ ಎಂದು ಒಂದು ಗಳಿಗೆ ಹೆದರುತ್ತಿದ್ದರು.

ಆ ಕಚೇರಿಯಲ್ಲಿ ಖರೀದಿ ಅಧಿಕಾರಿಯೊಬ್ಬರಿದ್ದರು, ಅವರಿಗೆ ಅರ್ಧಪ್ಪ ಎಂದು ಹೆಸರು ಬಿದ್ದಿತ್ತು. ಯಾರು ಏನು ಕೇಳಿದರೂ ಅರ್ಧಕ್ಕೆ ಇಳಿಸಿ ಸಹಿ ಹಾಕುವುದು ಅವರ ನೇಮ. ಹತ್ತು ಕುರ್ಚಿ ಕೇಳಿದರೆ ಐದು. ಹನ್ನೆರಡು ಅಡಿಯ ಏಣಿ ಕೇಳಿದವರಿಗೆ ಆರು ಅಡಿಯದು ಬಂದು, ಮೊಗಸಾಲೆಯ ದೀಪಗಳನ್ನು ಬದಲಿಸಲು ಕೈಗೆಟುಕದೆ ಅರ್ಧ ಕಚೇರಿ ಕತ್ತಲಲ್ಲೇ ಓಡಾಡುತ್ತಿತ್ತು. ಕಾವಲುಗಾರನಿಗೆ ಒಂದು ಜೊತೆ ಬೂಟು ಬೇಕಾದರೆ ಎರಡು ಜೊತೆ ಎಂದು ಬರೆಯಬೇಕು. ಈ ಪದ್ಧತಿ ತಿಳಿಯದ ಹೊಸ ಗುಮಾಸ್ತನೊಬ್ಬ ಒಂದು ಜೊತೆ ಎಂದು ಬರೆದು ಎಡಗಾಲಿನದಷ್ಟನ್ನೇ ಪಡೆದ ಎಂದು ಹೇಳುತ್ತಾರೆ. ಸುಳ್ಳೇ ಇರಬಹುದು, ಆದರೆ ಈವರೆಗೆ ಯಾರೂ ಅದನ್ನು ಅಲ್ಲಗಳೆದಿಲ್ಲ.

ಜನವೇನು ಕಡಿಮೆಯೇ? ಅರ್ಧಪ್ಪ ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರಿದರು. ಎಲ್ಲರೂ ಎರಡರಷ್ಟು ಕೇಳತೊಡಗಿದರು. ಅದು ತಿಳಿದು ಅರ್ಧಪ್ಪ ಕೆಲವರದ್ದನ್ನು ಕಾಲು ಮಾಡಿದರು, ಅವರು ನಾಲ್ಕರಷ್ಟು ಕೇಳಿದರು. ಕೊನೆಗೆ ಕಚೇರಿಯಲ್ಲಿ ಯಾವ ಅಂಕಿಗೂ ಅರ್ಥವೇ ಉಳಿಯಲಿಲ್ಲ. ಉಗ್ರಾಣಿಗೂ ಇದು ಅಂಟಿತ್ತು. ಬಿಲ್ಲು ವಿಭಾಗ ಎಂಟು ಕೇಳಿದರೆ ನಾಲ್ಕು ಕೊಡುತ್ತಿದ್ದರು, ಮೇಲಿನವರಿಗೆ ಹದಿನಾರು ಎಂದು ಬರೆಯುತ್ತಿದ್ದರು. ಒಮ್ಮೆ ವೈದ್ಯರು ದಿನಕ್ಕೆ ಎಷ್ಟು ಲೋಟ ಚಹಾ ಎಂದು ಕೇಳಿದಾಗ ಇವರು ಎರಡು ಎಂದರು. ವೈದ್ಯರು ನಾಲ್ಕು ಎಂದು ಬರೆದುಕೊಂಡರು. ನಿಜಕ್ಕೂ ಎರಡೇ ಆಗಿತ್ತು, ಆದರೆ ವಾದಿಸಲು ಹೋದರೆ ಆರು ಮಾಡಿಯಾರು ಎಂದು ಸುಮ್ಮನಾದರು.

ಕಚೇರಿಯ ಕಾಗದದಲ್ಲಿ ಒಂದೇ ಒಂದು ಸಲ ಅವರು ನಿಜ ಹೇಳಿದ್ದರು. ಏಳು ವರ್ಷದ ಹಿಂದೆ ಈ ಪೆಟ್ಟಿಗೆ ಕೊಳ್ಳುವಾಗ ನಲವತ್ತು ಬೇಕು ಎಂದು ಬರೆದರು, ನಲವತ್ತೇ ಬೇಕಾಗಿತ್ತು. ಇಪ್ಪತ್ತು ಬಂತು. ಮೂರನೆಯ ವರ್ಷ ಪೆಟ್ಟಿಗೆ ಕಂಠಮಟ್ಟ ತುಂಬಿ ಒಂದು ಮಂಗಳವಾರ ಉಸಿರು ನಿಲ್ಲಿಸಿತು. ಎರಡು ದಿನ ಊರಿನ ಯಾವ ದೂರೂ ದಾಖಲಾಗಲಿಲ್ಲ, ಯಾವ ಬೀದಿಗೆ ನೀರು ಬಿಟ್ಟಿದ್ದೇವೆ ಎಂಬುದು ಬಿಟ್ಟವರಿಗೇ ತಿಳಿಯಲಿಲ್ಲ. ಆಮೇಲೆ ಗಡಿಬಿಡಿಯಲ್ಲಿ ಇನ್ನೂ ಮೂವತ್ತು ತಂದು ಜೋಡಿಸಿದರು. ವಿಚಾರಣೆ ನಡೆಯಿತು. ನಲವತ್ತು ಬೇಕಾದವರು ಎಂಬತ್ತು ಕೇಳದೆ ಕಚೇರಿಯನ್ನು ದಾರಿ ತಪ್ಪಿಸಿದ್ದಾರೆ ಎಂದು ಉಗ್ರಾಣಿಗೆ ಛೀಮಾರಿ ಪತ್ರ ಕೊಟ್ಟರು. ನಿಜ ಹೇಳಿದ್ದಕ್ಕೆ ಲಿಖಿತ ಶಿಕ್ಷೆ ಪಡೆದವರು ಆ ಕಟ್ಟಡದಲ್ಲಿ ಅವರೊಬ್ಬರೇ.

ಈ ವರ್ಷ ಆ ಪೆಟ್ಟಿಗೆಯ ಆಯುಸ್ಸು ಮುಗಿಯಿತು. ಇನ್ನು ಬಿಡಿಭಾಗ ಸಿಗುವುದಿಲ್ಲ, ಹೊಸದು ಕೊಳ್ಳಿ ಎಂದು ಮಾರಿದವರು ಕಾಗದ ಬರೆದರು. ಹೊಸದು ಐದು ವರ್ಷ ಬಾಳಬೇಕು, ನಡುವೆ ಇನ್ನೊಂದು ಕೇಳುವಂತಿಲ್ಲ. ಮತ್ತೆ ತುಂಬಿ ನಿಂತರೆ ಉಗ್ರಾಣಿಯ ಕೋಣೆಯ ಕೀಲಿ ಹೋಗುತ್ತದೆ, ನೆಲಮಹಡಿಯಲ್ಲಿ ಟಪಾಲು ಎಣಿಸಲು ಕೂರಿಸುತ್ತಾರೆ. ಅದನ್ನಾದರೂ ಸಹಿಸಿಯಾರು. ಸಹಿಸಲಾಗದ್ದು ಇನ್ನೊಂದಿತ್ತು. ಮೂವತ್ತು ವರ್ಷ ಲೆಕ್ಕ ಮಾಡುತ್ತ ಬಂದ ತಾನು ಹೇಳಿದ ಒಂದೇ ಒಂದು ಅಂಕಿಯನ್ನೂ ಈವರೆಗೆ ಯಾರೂ ಹೇಳಿದಂತೆ ನಂಬಿರಲಿಲ್ಲ. ಕೆಲಸ ಬಿಡುವುದರೊಳಗೆ ಒಂದನ್ನಾದರೂ ನಂಬಬೇಕು ಎಂಬ ಆಸೆ ಅವರಿಗೆ ಗಂಟಲಿಗೆ ಸಿಕ್ಕಿದ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಪದ್ಧತಿಯಂತೆ ಮೊದಲು ಎಲ್ಲ ವಿಭಾಗಗಳಿಗೂ ಸುತ್ತೋಲೆ ಹೋಯಿತು: ಮುಂದಿನ ಐದು ವರ್ಷಕ್ಕೆ ನಿಮಗೆಷ್ಟು ಜಾಗ ಬೇಕು, ತಿಳಿಸಿ. ಉತ್ತರಗಳು ಬಂದವು. ನಕ್ಷೆ ವಿಭಾಗದವರು ಇನ್ನೂರು ಎಂದು ಬರೆದು ಪಕ್ಕದಲ್ಲಿ ‘ಕನಿಷ್ಠ’ ಎಂದು ಸೇರಿಸಿದ್ದರು. ದೂರು ವಿಭಾಗದವರು ಅಂಕಿ ಬರೆಯುವ ಗೊಡವೆಗೇ ಹೋಗದೆ, ‘ನಕ್ಷೆಯವರಿಗಿಂತ ಹತ್ತು ಹೆಚ್ಚು’ ಎಂದಿದ್ದರು. ಎಲ್ಲ ಕೂಡಿದಾಗ ಆರುನೂರ ನಲವತ್ತಾಯಿತು. ಅಷ್ಟು ದೊಡ್ಡ ಪೆಟ್ಟಿಗೆ ತಂದರೆ ಕೋಣೆಯ ಗೋಡೆ ಒಡೆಯಬೇಕು.

ಉಗ್ರಾಣಿ ಆ ಕಾಗದಗಳನ್ನು ಮನೆಗೆ ತಂದು, ಹೆಂಡತಿಯ ಹೊಲಿಗೆ ಮೇಜಿನ ಮೂಲೆಯಲ್ಲಿ ಹರಡಿಕೊಂಡು ಕೂತರು. ಆಕೆ ಟೇಲರ್. ಬೀದಿಗೆ ತೆರೆದ ಮುಂಗೋಣೆಯಲ್ಲೇ ಅಂಗಡಿ, ಶಾಲೆಯ ಮಕ್ಕಳ ಸಮವಸ್ತ್ರದಿಂದ ಹಿಡಿದು ಮುದುಕರ ಪ್ಯಾಂಟಿನವರೆಗೆ ಎಲ್ಲ ಹೊಲಿಯುತ್ತಿದ್ದಳು. ಯಾರದನ್ನು ಎಷ್ಟು ಕಡಿಮೆ ಮಾಡಬೇಕು, ಯಾರದನ್ನು ಕಾಲು ಮಾಡಬೇಕು ಎಂದು ಗಂಡ ಗೊಣಗುವುದನ್ನು ಅವಳು ಬಟ್ಟೆ ಕತ್ತರಿಸುತ್ತಲೇ ಕೇಳಿಸಿಕೊಂಡಳು. ಕತ್ತರಿ ಕೆಳಗಿಟ್ಟು ಹೇಳಿದಳು:

“ರೀ, ನಾನು ಅಂಗಡಿ ತೆಗೆದು ಇಪ್ಪತ್ತು ವರ್ಷ ಆಯ್ತು. ಸೊಂಟ ಎಷ್ಟು ಅಂತ ಕೇಳಿದ್ರೆ ನಿಜ ಹೇಳೋರು ಇನ್ನೂ ಹುಟ್ಟಿಲ್ಲ. ಅದಕ್ಕೇ ನಾನು ಕೇಳೋದೇ ಇಲ್ಲ. ಟೇಪು ಹಿಡೀತೀನಿ, ಅಷ್ಟೇ.”

ಹೊಲಿಗೆಗೆ ಅಂತ ಒಳಗೆ ಬಟ್ಟೆ ಬಿಡ್ತೀಯಲ್ಲ, ಅದು ಹೆಚ್ಚಿಗೆ ಸೇರಿಸಿದ ಹಾಗಲ್ಲವೇ ಎಂದು ಉಗ್ರಾಣಿ ಕೆಣಕಿದರು. ಅಷ್ಟು ಬಿಡದಿದ್ದರೆ ಕೂತ ತಕ್ಷಣ ಹಿಂದೆ ಬಿರಿಯುತ್ತದೆ, ಅದು ಅಳತೆಯದೇ ಭಾಗ ಎಂದಳು. ಉಗ್ರಾಣಿ ತಲೆ ಕೆರೆದುಕೊಂಡರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ತನ್ನ ಕಥೆ. ಪೆಟ್ಟಿಗೆ ತನ್ನೆದುರಿಗೇ ಇದೆ. ಎಷ್ಟು ತಿನ್ನುತ್ತೀ ಎಂದು ಅದನ್ನು ಬಿಟ್ಟು ಊರವರನ್ನೆಲ್ಲ ಕೇಳಿದ್ದರು.

ಮಾರನೆಯ ದಿನದಿಂದ ಅಳತೆ ಶುರುವಾಯಿತು. ತೊಂಬತ್ತು ದಿನ, ದಿನಾ ಬೆಳಿಗ್ಗೆ ಒಂಬತ್ತಕ್ಕೆ, ನೂರಹನ್ನೆರಡು ಇಲ್ಲದ ಮೆಷಿನ್ನುಗಳ ಹೊಟ್ಟೆಯನ್ನು ಒಂದೊಂದಾಗಿ ನೋಡಿ ಉದ್ದ ನೋಟ್‌ಬುಕ್ಕಿನಲ್ಲಿ ಬರೆದರು. ಎಷ್ಟು ಮಾತು ಕೊಟ್ಟಿದ್ದೆ, ಎಷ್ಟು ನಿಜವಾಗಿ ತುಂಬಿದೆ, ನಿನ್ನೆಗಿಂತ ಎಷ್ಟು ಬೆಳೆದಿದೆ. ಮೂವತ್ತು ಮೆಷಿನ್ನುಗಳಿಗೆ ದಿಕ್ಕುದೆಸೆಯೇ ಇರಲಿಲ್ಲ. ಒಂದು ಹನ್ನೊಂದು ವರ್ಷದ ಹಿಂದೆ ಕೆಡವಿಹಾಕಿದ ನೀರಿನ ಟ್ಯಾಂಕಿನದು. ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ನಿಮಿಷ ನಿಮಿಷಕ್ಕೂ ನಿಷ್ಠೆಯಿಂದ ಬರೆದಿಡುತ್ತಿತ್ತು: ಸೊನ್ನೆ, ಸೊನ್ನೆ, ಸೊನ್ನೆ. ಹನ್ನೊಂದು ವರ್ಷದ ಸೊನ್ನೆಗಳು ಒಟ್ಟಾಗಿ ಒಂದು ಇಡೀ ವಿಭಾಗದ ಬಿಲ್ಲುಗಳಿಗಿಂತ ಹೆಚ್ಚು ಜಾಗ ತಿಂದಿದ್ದವು. ನಿಲ್ಲಿಸಲು ಹೋದಾಗ ಉಗ್ರಾಣಿಗೆ ನಿಜವಾಗಿ ಸಂಕಟವಾಯಿತು. ಇಷ್ಟು ವರ್ಷ ಕಚೇರಿಯಲ್ಲಿ ಸುಳ್ಳು ಹೇಳದೆ ಕೆಲಸ ಮಾಡಿದ್ದು ಅದೊಂದೇ.

ತೊಂಬತ್ತನೆಯ ದಿನ ಕೂಡಿ ನೋಡಿದರು. ಸತ್ತ ಮೆಷಿನ್ನುಗಳನ್ನು ತೆಗೆದ ಮೇಲೆ ನಿಜವಾಗಿ ತುಂಬಿದ್ದು ನಲವತ್ತೊಂದು. ತಿಂಗಳಿಗೆ ಅರ್ಧ ಟೆರಾಬೈಟಿಗಿಂತ ತುಸು ಹೆಚ್ಚು ಬೆಳೆಯುತ್ತಿದೆ. ಐದು ವರ್ಷಕ್ಕೆ ಮೂವತ್ತಾರು. ಎರಡೂ ಸೇರಿ ಎಪ್ಪತ್ತೇಳು. ಇಂಥ ಪೆಟ್ಟಿಗೆಗಳನ್ನು ಅಂಚಿನವರೆಗೆ ತುಂಬಿದರೆ ಉಸಿರುಗಟ್ಟುತ್ತವೆ, ಅದಕ್ಕೆ ಹೊಲಿಗೆಯ ಬಟ್ಟೆ ಕಾಲು ಭಾಗ. ಒಟ್ಟು ತೊಂಬತ್ತಾರು. ಉಗ್ರಾಣಿ ಆ ಅಂಕಿಯನ್ನು ಬರೆದು, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಅದು ಅವರಿಗೆ ಎಷ್ಟು ಹಿಡಿಸಿತೆಂದರೆ, ಇದನ್ನು ದುಪ್ಪಟ್ಟು ಮಾಡಿ ಬರೆಯುವುದು ಹೆತ್ತ ಮಗುವನ್ನು ಬೇರೆಯವರ ಹೆಸರಿನಲ್ಲಿ ಶಾಲೆಗೆ ಸೇರಿಸಿದ ಹಾಗೆ ಅನ್ನಿಸಿತು. ತೊಂಬತ್ತಾರು ಎಂದೇ ಬರೆದು ಕಡತದ ಜೊತೆ ನೋಟ್‌ಬುಕ್ಕನ್ನೂ ಇಟ್ಟು ಅರ್ಧಪ್ಪನವರ ಕೋಣೆಗೆ ತಾವೇ ಒಯ್ದರು.

ಅರ್ಧಪ್ಪ ಕಡತ ತೆರೆದು, ಅಭ್ಯಾಸದ ಮೇಲೆ ಕೆಂಪು ಪೆನ್ನು ತೆಗೆದರು. “ಇದರಲ್ಲಿ ಎಷ್ಟು ಸೇರಿಸಿದ್ದೀರಿ?”

“ಏನೂ ಸೇರಿಸಿಲ್ಲ ಸಾರ್. ಅಳೆದಿದ್ದೀನಿ.”

ಅರ್ಧಪ್ಪ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಸೇರಿಸದೆ ಬಂದ ಕಡತವನ್ನು ಅವರು ಕಂಡೇ ಇರಲಿಲ್ಲ. ಅವರು ಕೆಟ್ಟವರೇನಲ್ಲ. ಎಲ್ಲರೂ ಸುಳ್ಳು ಹೇಳುತ್ತಾರೆ, ಅದನ್ನು ಸರಿ ಮಾಡಲು ತನ್ನನ್ನು ಇಟ್ಟಿದ್ದಾರೆ ಎಂದು ಪ್ರಾಮಾಣಿಕವಾಗಿ ನಂಬಿದ್ದ ಮನುಷ್ಯ. ಸುಳ್ಳೇ ಇಲ್ಲದ ಕಾಗದದ ಮುಂದೆ ಅವರು ಕೈಕಟ್ಟಿ ಕೂತುಬಿಟ್ಟರು. ಅರ್ಧ ಮಾಡದೆ ಕಳಿಸಿದರೆ ಮೇಲಿನವರು ಏನೆಂದುಕೊಳ್ಳುತ್ತಾರೆ, ನಾನು ಓದಲೇ ಇಲ್ಲ ಅನ್ನುವುದಿಲ್ಲವೇ ಎಂದು ತಮ್ಮನ್ನೇ ಕೇಳಿಕೊಂಡರು. ಆಮೇಲೆ ದನಿ ತಗ್ಗಿಸಿದರು.

“ನೋಡಿ, ನೂರತೊಂಬತ್ತೆರಡು ಅಂತ ಬರೆದುಕೊಡಿ. ನಾನು ತೊಂಬತ್ತಾರು ಮಾಡಿ ಕಳಿಸ್ತೀನಿ. ನಿಮ್ಮ ಕೆಲಸಾನೂ ಆಗುತ್ತೆ, ನನ್ನ ಕೆಲಸಾನೂ ಆಗುತ್ತೆ.”

ಬುದ್ಧಿವಂತರಾದವರು ಒಪ್ಪುತ್ತಿದ್ದರು. ಒಂದು ಸುಳ್ಳು ಬರೆದರೆ ಬೇಕಾದಷ್ಟೇ ಸಿಗುತ್ತದೆ, ಯಾರಿಗೂ ನಷ್ಟವಿಲ್ಲ. ಆದರೆ ಉಗ್ರಾಣಿಗೆ ಬೇಕಾಗಿದ್ದದ್ದು ಪೆಟ್ಟಿಗೆಯೊಂದೇ ಆಗಿರಲಿಲ್ಲವಲ್ಲ. ಆಗುವುದಿಲ್ಲ ಸಾರ್ ಎಂದರು. ಅರ್ಧಪ್ಪನವರಿಗೆ ರೇಗಿತು. ಹಾಗಾದರೆ ನೋಟ್‌ಬುಕ್ಕು ಇಲ್ಲೇ ಇರಲಿ, ಕಡಿಮೆ ಮಾಡಲು ಏನಾದರೂ ಸಿಕ್ಕೇ ಸಿಗುತ್ತದೆ, ಹುಡುಕುತ್ತೇನೆ ಎಂದು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಕಡತ ಮೂರು ವಾರ ಅಲ್ಲೇ ಕೂತಿತು. ಅಷ್ಟರಲ್ಲಿ ಕಚೇರಿಯಲ್ಲಿ ಸುದ್ದಿ ಹಬ್ಬಿತು: ಈ ಸಲ ಉಗ್ರಾಣಿ ಕೇಳಿದ್ದನ್ನು ಕೊಡುವುದಿಲ್ಲವಂತೆ, ಅಳೆದು ಕೊಡುತ್ತಾರಂತೆ, ಯಾರದು ಎಷ್ಟು ತುಂಬಿದೆಯೋ ಅವರಿಗೆ ಅಷ್ಟಂತೆ. ಕೇಳಿದ್ದೇ ತಡ, ಎಲ್ಲರೂ ತುಂಬಲು ಕೂತರು. ನಕ್ಷೆ ವಿಭಾಗದವರು ಊರಿನ ನಕ್ಷೆಗಳನ್ನೆಲ್ಲ ನಕಲು ಮಾಡಿ ‘ಬಹಳ ಮುಖ್ಯ’ ಎಂದು ಹೆಸರಿಟ್ಟರು, ಅದನ್ನೇ ನಕಲು ಮಾಡಿ ‘ಬಹಳ ಬಹಳ ಮುಖ್ಯ’ ಎಂದರು. ಬಿಲ್ಲು ವಿಭಾಗದವರು ತಮ್ಮ ವಿಭಾಗದ ಗುಂಪು ಫೋಟೋವನ್ನು ನಾಲ್ಕು ಲಕ್ಷ ಸಲ ಇಟ್ಟರು. ದೂರು ವಿಭಾಗದವರು ತಮ್ಮ ಮೆಷಿನ್ನುಗಳ ಹೊಟ್ಟೆ ಸಾಕಷ್ಟು ತುಂಬುತ್ತಿಲ್ಲ ಎಂದು ತಮ್ಮ ಮೇಲೆ ತಾವೇ ದೂರು ದಾಖಲಿಸತೊಡಗಿದರು. ಆ ಬಸ್ಸಿಗೆ ಕೊನೆಗೂ ಎಲ್ಲರೂ ಒಂದೇ ಸಲ ಹತ್ತಿದ್ದರು.

ಉಗ್ರಾಣಿ ದಿನಾ ಬೆಳಿಗ್ಗೆ ನೋಡುತ್ತಿದ್ದರು: ನಲವತ್ತೆರಡು, ನಲವತ್ನಾಲ್ಕು, ನಲವತ್ತಾರು. ತಾನು ಕಷ್ಟಪಟ್ಟು ಹಿಡಿದ ನಿಜ, ಕಪಾಟಿನಲ್ಲಿ ಕೂತಲ್ಲೇ ಸುಳ್ಳಾಗುತ್ತಿದೆ ಎಂದು ಅವರಿಗೆ ಅಳು ಬರುವಂತಾಯಿತು. ಇದು ಬರೀ ಕಸ, ತೆಗೆದರೆ ಹೋಗುತ್ತದೆ ಎಂದು ಬುದ್ಧಿಗೆ ಗೊತ್ತಿತ್ತು. ಹೊಟ್ಟೆಗೆ ಗೊತ್ತಿರಲಿಲ್ಲ. ನಾಳೆ ಇವರು ಇದನ್ನೇ ಅಭ್ಯಾಸ ಮಾಡಿಕೊಂಡರೆ? ಹೊಸ ಪೆಟ್ಟಿಗೆಗೂ ಹೀಗೇ ತುರುಕಿದರೆ? ಅಳೆದ ಮೇಲೆ ಗಿರಾಕಿ ದಪ್ಪಗಾದರೆ ಟೇಲರ್ ಏನು ಮಾಡಬೇಕು ಎಂದು ಹೆಂಡತಿಯನ್ನು ಕೇಳಿದರು. ಇಪ್ಪತ್ತು ದಿನದಲ್ಲಿ ಯಾರೂ ಅಷ್ಟು ದಪ್ಪಗಾಗುವುದಿಲ್ಲ, ಅಂಗಿಯೊಳಗೆ ಬಟ್ಟೆ ತುರುಕಿಕೊಂಡಿರುತ್ತಾರೆ, ಊಟ ಮಾಡಿ ಎಂದಳು. ಉಗ್ರಾಣಿ ಊಟ ಮಾಡಲಿಲ್ಲ.

ಖರೀದಿ ತೀರ್ಮಾನಿಸುವ ಸಭೆಯ ದಿನ ಪೆಟ್ಟಿಗೆ ನಲವತ್ತೇಳಕ್ಕೆ ಬಂದಿತ್ತು. ಮುಖ್ಯಾಧಿಕಾರಿಯಾಗಿ ಹೊಸದಾಗಿ ಬಂದ ಮೇಡಂ ಮೇಜಿನ ತುದಿಯಲ್ಲಿ ಕೂತಿದ್ದರು, ಒಂದು ಬದಿಗೆ ಅರ್ಧಪ್ಪ, ಕೊನೆಯ ಕುರ್ಚಿಯಲ್ಲಿ ಸ್ವೆಟರ್ ತೊಟ್ಟ ಉಗ್ರಾಣಿ. ಕಡತದ ಕೊನೆಯ ಪುಟದಲ್ಲಿ ಅರ್ಧಪ್ಪ ಬರೆದದ್ದು ಒಂದೇ ಸಾಲು: ಕಡಿತಕ್ಕೆ ಏನೂ ಕಂಡುಬರಲಿಲ್ಲ, ಸಭೆಯೇ ತೀರ್ಮಾನಿಸಲಿ. ಮೇಡಂ ಓದಿದರು. ಇದು ಅಳೆದ ಲೆಕ್ಕವೇ ಎಂದು ಉಗ್ರಾಣಿಯನ್ನು ಕೇಳಿದರು. ಹೌದು ಎಂದರು ಅವರು.

“ಸರಿ. ತೊಂಬತ್ತಾರು. ಮುಂದಿನ ವಿಷಯಕ್ಕೆ ಹೋಗೋಣ.”

ಅಷ್ಟೇ. ಮೂವತ್ತು ವರ್ಷ ಕಾದದ್ದು ಅರೆಗಳಿಗೆಯಲ್ಲಿ ಮುಗಿದುಹೋಯಿತು. ಯಾರೂ ಕತ್ತರಿಸಲಿಲ್ಲ, ಯಾರೂ ಕಣ್ಣು ಕಿರಿದು ಮಾಡಲಿಲ್ಲ. ಉಗ್ರಾಣಿಗೆ ಸಂತೋಷವಾಗಬೇಕಿತ್ತು, ಆದದ್ದು ಭಯ. ಇಷ್ಟು ದಿನ ಯಾವ ಅಂಕಿ ಹೇಳಿದರೂ ಅದನ್ನು ಮುರಿಯಲು ಇನ್ನೊಬ್ಬರಿದ್ದರು, ತಪ್ಪಾದರೆ ಅರ್ಧ ತಪ್ಪು ಅವರದು. ಈ ತೊಂಬತ್ತಾರು ಪೂರ್ತಿ ತನ್ನದು. ನಾಲ್ಕು ಲಕ್ಷ ಗುಂಪು ಫೋಟೋಗಳು ಅವರ ಕಣ್ಣೆದುರು ಸಾಲಾಗಿ ನಿಂತವು.

“ಮೇಡಂ,” ಎಂದು ಎದ್ದು ನಿಂತರು. “ನೂರಿಪ್ಪತ್ತು ಅಂತ ಬರ್ಕೊಂಡ್ರೆ ಒಳ್ಳೇದೇನೋ.”

ಕೋಣೆಯಲ್ಲಿ ಎಲ್ಲರೂ ಅವರ ಕಡೆ ತಿರುಗಿದರು. ಮೇಡಂ ಕಡತವನ್ನು ನಿಧಾನವಾಗಿ ಮತ್ತೆ ಹತ್ತಿರ ಎಳೆದುಕೊಂಡರು. ಹಾಗಾದರೆ ತೊಂಬತ್ತಾರು ಅಳೆದದ್ದಲ್ಲವೇ ಎಂದು ಕೇಳಿದರು. ಅವರ ಮುಖದಲ್ಲಿ ಈಗ ಕಾಣಿಸಿಕೊಂಡದ್ದನ್ನು ಉಗ್ರಾಣಿ ಚೆನ್ನಾಗಿ ಬಲ್ಲರು. ಆ ವೈದ್ಯರ ಮುಖದಲ್ಲೂ ಅದೇ ಇತ್ತು. ಕೈಗೆ ಬಂದ ತುತ್ತನ್ನು ತಾನೇ ತಟ್ಟಿಬಿಟ್ಟೆ ಎಂದು ಅವರಿಗೆ ತಿಳಿಯಿತು. ಅರ್ಧಪ್ಪ ಕೆಂಪು ಪೆನ್ನಿನ ಮುಚ್ಚಳ ತೆಗೆದದ್ದು ಕೇಳಿಸಿತು. ನೂರಿಪ್ಪತ್ತರಲ್ಲಿ ಅರ್ಧ ಅರವತ್ತು. ಅರವತ್ತಾದರೆ ಮೂರು ವರ್ಷವೂ ಬರುವುದಿಲ್ಲ. ಉಗ್ರಾಣಿ ಕಣ್ಣು ಮುಚ್ಚಿಕೊಂಡರು.

“ಮೇಡಂ, ಆ ನೋಟ್‌ಬುಕ್ಕನ್ನ ನಾನು ಮೂರು ವಾರ ಪುಟ ಪುಟ ಓದಿದ್ದೀನಿ,” ಎಂದರು ಅರ್ಧಪ್ಪ. “ಕಡಿಮೆ ಮಾಡೋಕೆ ಒಂದು ಚೂರಾದ್ರೂ ಸಿಗುತ್ತೇನೋ ಅಂತ ಸ್ಕೇಲು ಇಟ್ಟು ಹುಡುಕಿದ್ದೀನಿ. ಸಿಗಲಿಲ್ಲ. ತೊಂಬತ್ತಾರು ಅಳೆದಿದ್ದು. ಈಗ ಇವರು ಸೇರಿಸಿದ ಇಪ್ಪತ್ನಾಲ್ಕು ಭಯದ್ದು. ಅದನ್ನ ನಾನು ಕಡಿಮೆ ಮಾಡ್ತೀನಿ.”

ಮಾಡಿಯೂ ಬಿಟ್ಟರು. ನೂರಿಪ್ಪತ್ತು ಎಂದು ತಾವೇ ಬರೆದುಕೊಂಡು, ಅದರ ಮೇಲೆ ಕೆಂಪು ಗೀಟು ಎಳೆದು, ತೊಂಬತ್ತಾರು ಎಂದು ಬರೆದು ಸಹಿ ಹಾಕಿದರು. ಅವರ ಕೈಯಿಂದ ಯಾವುದಾದರೂ ಅಂಕಿ ಅರ್ಧಕ್ಕಿಂತ ಹೆಚ್ಚು ಉಳಿದು ಹೊರಬಂದದ್ದು ಅದೇ ಮೊದಲು. ಮೇಡಂ ಇಬ್ಬರನ್ನೂ ಒಮ್ಮೆ ನೋಡಿ ತಾವೂ ಸಹಿ ಹಾಕಿದರು. ಆ ಭಯ ಎಲ್ಲಿಂದ ಬಂತೆಂದು ಕೇಳಿ ತಿಳಿದುಕೊಂಡು, ತುರುಕಿದ ಕಸವನ್ನು ಆಯಾ ವಿಭಾಗದವರೇ ಒಂದು ವಾರದೊಳಗೆ ತೆಗೆಯಬೇಕು ಎಂದು ಬರೆಸಿದರು. ಉಗ್ರಾಣಿ ಕುರ್ಚಿಯಲ್ಲಿ ಕುಸಿದು ಕೂತರು. ಅವರ ಕಣ್ಣು ತುಂಬಿತ್ತು. ಮೂವತ್ತು ವರ್ಷದಲ್ಲಿ ತನ್ನನ್ನು ನಂಬಿದವರು ಯಾರನ್ನೂ ನಂಬದ ಈ ಮನುಷ್ಯನೇ ಆಗಬೇಕೇ ಎಂದು ಅವರಿಗೆ ನಗುವೂ ಬಂತು.

ಸಭೆ ಮುಗಿದು ಎಲ್ಲರೂ ಹೋದ ಮೇಲೆ, ಮೊಗಸಾಲೆಯ ಮೆಟ್ಟಿಲ ಬಳಿ ಅರ್ಧಪ್ಪ ನಿಂತಿದ್ದರು. ಅಲ್ಲಿ ದೀಪ ಉರಿಯುತ್ತಿರಲಿಲ್ಲ. ಕಂಕುಳಲ್ಲಿದ್ದ ನೋಟ್‌ಬುಕ್ಕನ್ನು ಹಿಂದಿರುಗಿಸಿ, ಅತ್ತಿತ್ತ ನೋಡಿ ಕೇಳಿದರು:

“ಈಗ ನಾವಿಬ್ಬರೇ ಇದ್ದೀವಿ. ನನ್ನ ಸಹಿ ಬೇರೆ ಬಿದ್ದಿದೆ. ನಿಜ ಹೇಳಿ, ಐದು ವರ್ಷಕ್ಕೆ ಸಾಕಾಗುತ್ತಾ?”

ಖಂಡಿತ ಸಾರ್ ಎಂಬ ಮಾತು ಉಗ್ರಾಣಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು.

“ಗೊತ್ತಿಲ್ಲ ಸಾರ್.”

ಅರ್ಧಪ್ಪ ಕೆಂಪು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

“ಇದನ್ನ ಪೂರ್ತಿ ನಂಬ್ತೀನಿ,” ಎಂದು ಹೇಳಿ, ಗೋಡೆ ಹಿಡಿದುಕೊಂಡು ಕತ್ತಲಲ್ಲಿ ಮೆಟ್ಟಿಲಿಳಿದು ಹೋದರು.